ಸೊಂಟ ಸರಿಯಾದರೂ ಬಗ್ಗಲು ಹೆದರಿಕೆಯಾ? ಹೀಗೆ ಮಾಡಿ ನೋಡಿ

ಹೋದ ವರ್ಷ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ. ಉಡುಪಿಯ ಮಳೆಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ, ಮನೆಗೊಬ್ಬರು ಬಿದ್ದೇ ಬೀಳುತ್ತಾರೆ. ಮೂಳೆ ಮುರಿಯಲಿಲ್ಲ, ಸೊಂಟ ಹಿಡಿದುಕೊಂಡಿತು ಅಷ್ಟೇ. ಎಂಆರ್‌ಐ ಮಾಡಿಸಿದರೆ ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್' ಅಂತ ಇತ್ತು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಹೊರಗೆ ಉಬ್ಬಿದೆ ಅಂತ. ಅದನ್ನು ಓದಿದ ದಿನದಿಂದ ಆರು ತಿಂಗಳು ನಾನು ಬಾವಿಯಿಂದ ಒಂದು ಕೊಡಪಾನ ನೀರು ಸೇದಲಿಲ್ಲ ಮಾರಾಯ್ರೆ. ನೋವು ಮೂರನೇ ವಾರಕ್ಕೇ ಮುಕ್ಕಾಲು ಪಾಲು ಹೋಗಿತ್ತು. ಹೋಗದೆ ಕೂತದ್ದು ಹೆದರಿಕೆ.

ಮೊದಲೇ ಒಂದು ಮಾತು. ಕಾಯಿಲೆ ಎಲ್ಲ ಸುಮ್ನೆ ನಿಮ್ಮ ತಲೆಯಲ್ಲಿದೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ನೋವು ನಿಜ. ಆದರೆ ಹೆದರಿದವರು ಮೈ ಬಿಗಿ ಹಿಡಿಯುತ್ತಾರೆ, ಅಲ್ಲಾಡುವುದಿಲ್ಲ, ಅಲ್ಲಾಡದೆ ಸ್ನಾಯು ಸೋಲುತ್ತದೆ, ಸೋತ ಸ್ನಾಯು ಸ್ವಲ್ಪ ಕೆಲಸಕ್ಕೇ ನೋಯುತ್ತದೆ, ಆಗ ಹೆದರಿಕೆ ಇನ್ನೂ ಜಾಸ್ತಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹೊಸದಾಗಿ ಸೊಂಟನೋವು ಬಂದವರನ್ನು ಮೂರು ಗುಂಪು ಮಾಡಿ ನೋಡಿದ್ದರು, ವರದಿ ಬಂದದ್ದು 1995ರಲ್ಲಿ. ಒಂದು ಗುಂಪು ಹಾಸಿಗೆಯಲ್ಲಿ, ಒಂದು ವ್ಯಾಯಾಮದಲ್ಲಿ, ಇನ್ನೊಂದು ಆದಷ್ಟು ದಿನನಿತ್ಯದ ಕೆಲಸದಲ್ಲಿ. ಬೇಗ ಚೇತರಿಸಿಕೊಂಡದ್ದು ಆ ಕೊನೆಯ ಗುಂಪು.

ಹಾಗಾದರೆ ಏನು ಮಾಡಬೇಕು? 'ನನಗೆ ಹೆದರಿಕೆ ಇದೆಯಾ' ಅಂತ ಮಾತ್ರ ಕೇಳಿಕೊಳ್ಳಬೇಡಿ. ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ. ಕಾಯಿಲೆ ಬಂದ ಮೇಲೆ ನೀವು ಬಿಟ್ಟ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ನನ್ನ ಚೀಟಿಯಲ್ಲಿ ಬಾವಿ ಇತ್ತು, ಮೆಟ್ಟುಕತ್ತಿ ಮೇಲೆ ಕೂತು ತೆಂಗಿನಕಾಯಿ ಹೆರೆಯುವುದಿತ್ತು, ಸಿಟಿ ಬಸ್ಸಿತ್ತು (ಕಾಲು ಊರುವ ಮೊದಲೇ ಕಂಡಕ್ಟರ್ 'ರೈಟ್ ಪೋಯಿ' ಅನ್ನುತ್ತಾನಲ್ಲ). ಒಂದೊಂದರ ಮುಂದೆ, ಅದನ್ನು ಮಾಡಿದರೆ ಏನಾಗುತ್ತದೆ ಅಂತ ಮನಸ್ಸು ಹೇಳುವ ಮಾತನ್ನು ಅದು ಹೇಳುವ ಭಾಷೆಯಲ್ಲೇ ಬರೆಯಿರಿ. ನನಗೆ ಬಂದದ್ದು ತುಳುವಿನಲ್ಲಿ: 'ಸೊಂಟ ಪೋಂಡು'.

ಸೊಂಟ ಹೋಯಿತು. ಇದು ನನ್ನ ಮಾತೇ ಅಲ್ಲ. ನನಗೆ ಎಂಟು ವರ್ಷ ಇರುವಾಗ ದೊಡ್ಡಪ್ಪ ಅಕ್ಕಿಮುಡಿ ಎತ್ತಲು ಹೋಗಿ ಚಾವಡಿಯಲ್ಲಿ ಮಲಗಿದವರು ವರ್ಷ ಕಳೆದರೂ ಸರಿಯಾಗಿ ನಡೆಯಲಿಲ್ಲ, ಆಗ ಬಂದವರೆಲ್ಲ ಹೇಳುತ್ತಿದ್ದ ಮಾತು. ಮೊನ್ನೆ ಅಮ್ಮನ ಹತ್ತಿರ ಕೇಳಿದೆ. ಅವರಿಗೆ ಇದ್ದದ್ದು ಬೆನ್ನುಮೂಳೆಯ ಕ್ಷಯವಂತೆ, ಮುಡಿ ಬರೀ ನೆಪ. ಮೂವತ್ತು ವರ್ಷ ನಾನು ಬೇರೆಯವರ ಕಾಯಿಲೆಯನ್ನು ಹೊತ್ತುಕೊಂಡಿದ್ದೆ. ನಿಮ್ಮ ಮಾತು ಎಲ್ಲಿಂದ ಬಂತು ಅಂತ ಹುಡುಕಿ, ಹೆಚ್ಚಾಗಿ ಮನೆಯಲ್ಲೇ ಸಿಗುತ್ತದೆ.

ಆ ಮಾತನ್ನು ಹಾಗೇ ಡಾಕ್ಟರ ಮುಂದೆ ಇಡಿ. 'ಬಗ್ಗಬಹುದಾ' ಅಂತ ಕೇಳಿದರೆ 'ಜಾಗ್ರತೆ' ಅಂತ ಹೇಳಿ ಕಳಿಸುತ್ತಾರೆ. 'ಬಗ್ಗಿದರೆ ಡಿಸ್ಕ್ ಜಾರಿ ಕಾಲು ಬಿದ್ದುಹೋಗುತ್ತದಾ' ಅಂತ ಕೇಳಿ. ನನಗೆ ಸಿಕ್ಕ ಉತ್ತರ ಇದು: ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಬಲ್ಜ್ ಕಾಣುತ್ತದೆ, ಇಪ್ಪತ್ತರ ಹರೆಯದಲ್ಲಿ ಸುಮಾರು 30 ಶೇಕಡಾ, ಎಂಬತ್ತರಲ್ಲಿ 84 ಶೇಕಡಾ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2015ರಲ್ಲಿ ಪ್ರಕಟಿಸಿದ ಲೆಕ್ಕ. ಅದರ ಜೊತೆಗೆ ನಿಜವಾಗಿ ಹೆದರಬೇಕಾದದ್ದು ಯಾವುದು ಅಂತಲೂ ಕೇಳಿ ಬರೆದುಕೊಳ್ಳಿ. ಸೊಂಟದ ವಿಷಯದಲ್ಲಿ ಮೂತ್ರ ಮಲ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕಡಿಮೆಯಾದರೆ, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ಪಕ್ಕದ ಮನೆಯ ಮಾಮಿಗೆ ಸರ್ಪಸುತ್ತು ಆಗಿತ್ತು. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಇದೆಯಲ್ಲ, ಅವರು ದಿನಾ ಬೆಳಿಗ್ಗೆ ಕನ್ನಡಿ ಮುಂದೆ ತಿರುಗಿ ನಿಂತು ಗುಳ್ಳೆ ಎಲ್ಲಿವರೆಗೆ ಬಂತು ಅಂತ ಬೆರಳಲ್ಲಿ ಅಳೆಯುತ್ತಿದ್ದರು. ಊಟ ಇಲ್ಲ, ನಿದ್ರೆ ಇಲ್ಲ. ಚಿಕ್ಕಂದಿನಲ್ಲಿ ಬಂದ ಕೋಟಲೆಯ, ಅಂದರೆ ಚಿಕನ್‌ಪಾಕ್ಸಿನ, ವೈರಸ್ಸೇ ನರದಲ್ಲಿ ಅಡಗಿದ್ದು ಮತ್ತೆ ಏಳುತ್ತದೆ; ಹೆಚ್ಚಾಗಿ ಮೈಯ ಒಂದೇ ಬದಿಯಲ್ಲಿ, ಆ ನರ ಹೋಗುವಷ್ಟು ಜಾಗದಲ್ಲಿ ಮಾತ್ರ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಮಾಮಿ ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸಿ, ನಾಗನಿಗೆ ತನು (ಹಾಲೆರೆಯುವ ಸೇವೆ) ಹಾಕಿಸಿ ಡಾಕ್ಟರ ಹತ್ತಿರ ಹೋಗುವಾಗ ಐದು ದಿನ. ತನುವಿಗೆ ನನ್ನದೇನೂ ತಕರಾರಿಲ್ಲ, ನಮ್ಮ ಮನೆಯಲ್ಲೂ ಹಾಕುತ್ತೇವೆ. ಅವತ್ತೇ ಡಾಕ್ಟರಿಗೂ ತೋರಿಸಿ ಅಂತ ಅಷ್ಟೇ.

ಇನ್ನು ಬಿಟ್ಟ ಕೆಲಸಕ್ಕೆ ಮರಳುವುದು. ಡಾಕ್ಟರೋ ಫಿಸಿಯೋಥೆರಪಿಸ್ಟೋ ಆಗಬಹುದು ಅಂದ ಮೇಲೆ, ಚೀಟಿಯಲ್ಲಿ ಕಡಿಮೆ ಹೆದರಿಕೆ ಇರುವುದರಿಂದ ಶುರು ಮಾಡಿ. ಮಾಡುವ ಮೊದಲು ಏನಾಗುತ್ತದೆ ಅಂತ ಬರೆಯಿರಿ, ಮಾಡಿದ ಮೇಲೆ ಏನಾಯಿತು ಅಂತ ಬರೆಯಿರಿ. ನಾನು ಮೊದಲ ದಿನ ಕೊಡಪಾನ ಇಳಿಸಲೇ ಇಲ್ಲ, ಹಗ್ಗ ಹಿಡಿದು ನಿಂತೆ. ಅಷ್ಟಕ್ಕೇ ಅಂಗೈ ಬೆವರಿತು. ಮೂರನೇ ದಿನ ಖಾಲಿ ಕೊಡಪಾನ, ವಾರ ಕಳೆದು ಕಾಲು ಭಾಗ ನೀರು. ರಾಟೆ ಕಿರ್ ಅಂದಾಗಲೆಲ್ಲ ನನ್ನ ಬೆನ್ನೇ ಕಿರ್ ಅಂದ ಹಾಗೆ ಆಗುತ್ತಿತ್ತು, ನಗಬೇಡಿ. ಸ್ವಲ್ಪ ನೋವು ಬರುತ್ತದೆ. ಮರುದಿನ ಬೆಳಿಗ್ಗೆ ಇಳಿದಿದ್ದರೆ ಮುಂದುವರಿಸಿ, ಇಳಿಯದಿದ್ದರೆ ಅರ್ಧಕ್ಕೆ ಬನ್ನಿ. ಹಟ ಬೇಡ.

ಮಾತ್ರೆಯ ಹೆದರಿಕೆಗೂ ಇದೇ ಚೀಟಿ. ಕೊಲೆಸ್ಟ್ರಾಲಿನ ಸ್ಟಾಟಿನ್ ಮಾತ್ರೆ ಆಗುವುದಿಲ್ಲ ಅಂತ ಬಿಟ್ಟಿದ್ದ 60 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2020ರಲ್ಲಿ ಪ್ರಕಟವಾಯಿತು. ಸ್ಟಾಟಿನ್ ತಿಂದ ತಿಂಗಳು ಆದ ತೊಂದರೆಯ 90 ಶೇಕಡಾ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಿಂದ ತಿಂಗಳೂ ಆಗಿತ್ತು. ಅವರು ನಾಟಕ ಮಾಡಿದ್ದಲ್ಲ, ನೋವು ನಿಜವಾಗಿಯೇ ಆಗಿತ್ತು. ಹಾಗಾಗಿ ತೊಂದರೆ ಅನಿಸಿದರೆ ತಾರೀಕು ಹಾಕಿ ಬರೆದು ಡಾಕ್ಟರಿಗೆ ತೋರಿಸಿ, ನೀವೇ ನಿಲ್ಲಿಸಬೇಡಿ.

ನಂಜಿನ ಕಥೆಯೂ ಹಾಗೇ. ಗಾಯ ನಂಜಾಗುತ್ತದೆ ಅಂತ ಆಪರೇಷನ್ ಆದವರಿಗೆ ಬಂಗುಡೆ ಮೀನು ಬೇಡ, ಮೊಟ್ಟೆ ಬೇಡ, ಬದನೆ ಬೇಡ. ತಿಂಗಳಿಡೀ ಗಂಜಿ ಉಪ್ಪಿನಕಾಯಿಯಲ್ಲೇ ಕಳೆದರೆ ಗಾಯ ಒಣಗಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ಏನು ತಿನ್ನಬಹುದು ಅಂತ ಡಿಸ್ಚಾರ್ಜ್ ದಿನವೇ ಮನೆಯವರ ಎದುರೇ ಕೇಳಿ. ಆಮೇಲೆ ನೀವೊಬ್ಬರೇ ಹೇಳಿದರೆ ದೊಡ್ಡಮ್ಮಂದಿರು ನಂಬುವುದಿಲ್ಲ.

ನೋಡಲು ಬರುವವರದ್ದೇ ಕಷ್ಟ. ಬ್ರೆಡ್ಡು, ಎಳನೀರು, ಜೊತೆಗೆ ಇದೇ ಕಾಯಿಲೆಯಲ್ಲಿ ಸತ್ತ ಯಾರದ್ದೋ ಕಥೆ. 'ಮಾಮಾ, ಅದು ಬೇಡ, ಈ ಸಲದ ಕಂಬಳದ್ದು ಹೇಳಿ' ಅಂತ ಮಾತು ತಿರುಗಿಸಿ. ಅವರಿಗೂ ಅದೇ ಬೇಕು.

ಇಷ್ಟೆಲ್ಲ ಮಾಡಿದರೂ ರಾತ್ರಿ ನಿದ್ರೆ ಇಲ್ಲ, ಎದೆ ಡವಡವ ಅನ್ನುತ್ತದೆ ಅಂದರೆ ಒಬ್ಬರೇ ಒದ್ದಾಡಬೇಡಿ. ಡಾಕ್ಟರಿಗೆ ಹೇಳಿ, ಇಲ್ಲವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿನ್ನೆ ಎಂಟು ಕೊಡಪಾನ ಸೇದಿದೆ. ಅಂಗಳದ ಪಾಚಿಗೆ ಮಾತ್ರ ಈ ಸಲ ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದೇನೆ. ಆ ಹೆದರಿಕೆಯನ್ನು ಚೀಟಿಯಲ್ಲಿ ಬರೆದಿಲ್ಲ.