ಹಾರ್ಮೋನಿನ ಜಾತಿ ನೋಡಿ ಮದ್ದಿನ ಕ್ರಮ

ಥೈರಾಯ್ಡ್ ಮಾತ್ರೆಯನ್ನು ನುಂಗಿದರೆ ಸಾಕು, ಇನ್ಸುಲಿನ್ ಮಾತ್ರ ಸಾಮಾನ್ಯವಾಗಿ ಚುಚ್ಚಿಕೊಳ್ಳಬೇಕು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ತಿಂದವರು ಒಮ್ಮೆಲೇ ಬಿಡುವಂತಿಲ್ಲ. ಹಾರ್ಮೋನು ಯಾವುದರಿಂದ ಆಗಿದೆ, ಜೀವಕೋಶದ ಹೊರಗೆ ನಿಂತು ಕೆಲಸ ಮಾಡುತ್ತದೋ ಒಳಹೊಕ್ಕೋ ಎಂಬುದು ಗೊತ್ತಿದ್ದರೆ ಈ ಕ್ರಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಇನ್ಸುಲಿನ್ 51 ಅಮೈನೊ ಆಮ್ಲಗಳಿಂದಾದದ್ದು, ಪ್ರೋಟೀನ್ ಜಾತಿ. ನುಂಗಿದರೆ ಹೊಟ್ಟೆ ಬಂಗುಡೆಯನ್ನು ಅರಗಿಸಿದಂತೆ ಅದನ್ನೂ ಅರಗಿಸಿಬಿಡುತ್ತದೆ. ರಕ್ತ ಸೇರಿದ ಇನ್ಸುಲಿನ್ ಜೀವಕೋಶದ ಒಳಗೆ ಹೋಗುವುದಿಲ್ಲ. ಹೊರಪೊರೆಯ ಗ್ರಾಹಕಕ್ಕೆ (ಹಾರ್ಮೋನನ್ನು ಗುರುತಿಸುವ ರಿಸೆಪ್ಟರ್) ಅಂಟಿ ಸೂಚನೆ ಕೊಡುತ್ತದೆ, ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಎಲ್ಲವೂ ನಿಮಿಷಗಳ ಲೆಕ್ಕ. ಅದಕ್ಕೇ ಹೊತ್ತು ತಪ್ಪಿದರೆ ಪೆಟ್ಟೂ ಬೇಗ. ರೆಗ್ಯುಲರ್ ಎಂಬ ಬಗೆಯ ಇನ್ಸುಲಿನ್ ಆದರೆ ಊಟಕ್ಕೆ 30 ನಿಮಿಷ ಮೊದಲು. ಮನೆಯಲ್ಲಿ ಚುಚ್ಚಿಕೊಂಡು ಹೊರಟು ಮದುವೆ ಮಂಟಪದಲ್ಲಿ ಮೂರನೇ ಪಂಕ್ತಿಗೆ ಕಾದು ಕುಳಿತರೆ ಸಕ್ಕರೆ ಇಳಿಯುತ್ತದೆ: ಬೆವರು, ಕೈನಡುಕ, ಮಂಕು. ಮಂಗಳೂರಿನ ಸೆಕೆಗೆ ಬೆವರಿದ್ದು ಎಂದುಕೊಂಡು ಸುಮ್ಮನಿರುವುದೇ ಇಲ್ಲಿಯ ದೊಡ್ಡ ತಪ್ಪು. ಗ್ಲುಕೋಮೀಟರ್ 70ಕ್ಕಿಂತ (mg/dL) ಕೆಳಗೆ ತೋರಿಸಿದರೆ 15 ಗ್ರಾಂ, ಅಂದರೆ ಸುಮಾರು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಸಾಗಿಸಿ.

ಸಿರಿಂಜಿನ ಗಲಿಬಿಲಿ ಇನ್ನೂ ಅಪಾಯ. ಇಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಯೂ ಸಿಗುತ್ತದೆ, 100 ಯೂನಿಟ್‌ನದ್ದೂ. 100ರ ಮದ್ದನ್ನು 40ರ ಸಿರಿಂಜಿನಲ್ಲಿ ಎಳೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ. ಬಾಟಲಿಯ ಸಂಖ್ಯೆಯನ್ನೂ ಸಿರಿಂಜಿನ ಸಂಖ್ಯೆಯನ್ನೂ ಪ್ರತಿ ಸಲ ಓದಿ. ಚುಚ್ಚುವ ಜಾಗ ದಿನಾ ಬದಲಾಗಲಿ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟಿ ಮದ್ದು ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಇನ್ಸುಲಿನ್ ಪೆನ್ ಬಳಸುವವರು ಅದನ್ನು ಒತ್ತಿದ ಮೇಲೆ 10 ಎಣಿಸಿ ಸೂಜಿ ಹೊರತೆಗೆಯಿರಿ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿರಲಿ. ಫ್ರೀಜರಿನಲ್ಲಿ ಗಟ್ಟಿಯಾದದ್ದು ಕರಗಿದರೂ ಉಪಯೋಗವಿಲ್ಲ, ಎಸೆಯಿರಿ. ಮಲ್ಪೆ ಕಡಲತೀರದಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೂ ಅದೇ ಕತೆ. ಮಳೆಗಾಲದಲ್ಲಿ ಕರೆಂಟು ದಿನವಿಡೀ ಬಾರದಿದ್ದರೆ, ಮದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ನೀರು ಹಾಕಿದ ಮಣ್ಣಿನ ಮಡಕೆಯಲ್ಲಿಡಿ.

ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ ಬೇರೆಯೇ ಜಾತಿ. ಟೈರೊಸಿನ್ ಎಂಬ ಅಮೈನೊ ಆಮ್ಲದ ಎರಡು ಅಣುಗಳಿಂದ, ನಾಲ್ಕು ಅಯೋಡಿನ್ ಸೇರಿ ಆದ ಸಣ್ಣ ಅಣು. ಹೊಟ್ಟೆಯಲ್ಲಿ ಹಾಳಾಗುವುದಿಲ್ಲ, ಜೀವಕೋಶದ ಒಳಹೊಕ್ಕು ವಂಶವಾಹಿಯ ಮಟ್ಟದಲ್ಲೇ ಕೆಲಸ ಮಾಡುತ್ತದೆ. ನಿಧಾನ. ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಹಾಗಾಗಿ ಡೋಸ್ ಬದಲಿಸಿದ ಎರಡೇ ವಾರಕ್ಕೆ, ಥೈರಾಯ್ಡ್ ಗ್ರಂಥಿಗೆ ಆಜ್ಞೆ ಕೊಡುವ ಹಾರ್ಮೋನನ್ನು ಅಳೆಯುವ ಟಿಎಸ್‌ಎಚ್ ಪರೀಕ್ಷೆ ಮಾಡಿಸುವುದು ದುಡ್ಡು ದಂಡ. 6ರಿಂದ 8 ವಾರ ಕಾಯಿರಿ. ಮಾತ್ರೆ ಬರಿಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ, ನೀರ್‌ದೋಸೆ ಎಲ್ಲ 30ರಿಂದ 60 ನಿಮಿಷದ ನಂತರ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಕರುಳಿನಲ್ಲಿ ಥೈರಾಕ್ಸಿನನ್ನು ಹಿಡಿದಿಟ್ಟುಕೊಳ್ಳುತ್ತವೆ, ನಡುವೆ 4 ಗಂಟೆ ಬಿಡಿ. ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ಕಷಾಯ, ಮೆಂತೆ ಗಂಜಿ ಮುಂದಾಗಿ ಮಾತ್ರೆ ಹಿಂದಾಯಿತೇ? ಗಾಬರಿ ಬೇಡ, ರಾತ್ರಿ ಊಟವಾಗಿ 3 ಗಂಟೆ ಕಳೆದ ಮೇಲೆ ತೆಗೆದುಕೊಂಡರಾಯಿತು. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ಕರಾವಳಿಯ ತೇವಕ್ಕೆ ಮಾತ್ರೆಯ ಸತ್ವ ಕುಗ್ಗುತ್ತದೆ.

ಮೂರನೆಯದು ಕೊಲೆಸ್ಟರಾಲ್‌ನಿಂದ ಹುಟ್ಟುವ ಸ್ಟೀರಾಯ್ಡ್ ಜಾತಿ: ಕಾರ್ಟಿಸೋಲ್, ಈಸ್ಟ್ರೋಜನ್, ಟೆಸ್ಟೋಸ್ಟೀರಾನ್. ಇವು ಕೊಬ್ಬಿನಲ್ಲಿ ಕರಗುವುದರಿಂದ ಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತವೆ. ದೇಹದ ಕಾರ್ಟಿಸೋಲ್ ಬೆಳಿಗ್ಗೆಯೇ ಹೆಚ್ಚು. ಪ್ರೆಡ್ನಿಸೊಲೋನನ್ನೂ ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ಮೇಲೆ ಕೊಡುವುದು ಅದಕ್ಕೇ. ಹೊರಗಿನ ಸ್ಟೀರಾಯ್ಡ್ ವಾರಗಟ್ಟಲೆ ಬಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಆಜ್ಞೆ ನಿಲ್ಲಿಸುತ್ತದೆ, ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿಬಿಡುತ್ತದೆ. ಮೂರು ವಾರ ದಾಟಿದ ಮೇಲೆ ತಟ್ಟನೆ ಬಿಟ್ಟರೆ ವಾಂತಿ, ಸುಸ್ತು, ರಕ್ತದೊತ್ತಡ ಕುಸಿತ, ಜೀವಕ್ಕೂ ಅಪಾಯ. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಗಂಟುನೋವಿಗೆಂದು ಸಿಗುವ ಹೆಸರಿಲ್ಲದ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದುಂಟು. ಅಂಥದ್ದನ್ನು ತಿಂದಿದ್ದರೆ ಆಪರೇಷನ್‌ಗೆ ಮುಂಚೆ ನಾಚಿಕೆ ಬಿಟ್ಟು ಹೇಳಿ, ಪೊಟ್ಟಣ ಉಳಿದಿದ್ದರೆ ತೋರಿಸಿ.