ಮೈಲೋಮಾ ತಣ್ಣಗಾದ ಮೇಲೂ ಮಾತ್ರೆ: ಮನೆಯಲ್ಲಿ ನಿಭಾಯಿಸುವುದು ಹೇಗೆ?

"ರಿಪೋರ್ಟ್ ಚೆನ್ನಾಗೈತಲ್ಲ, ಇನ್ನ್ಯಾಕಪ್ಪ ಈ ಮಾತ್ರೆ?" ದಾವಣಗೆರೆಯಲ್ಲಿರುವ ನಮ್ಮ ದೊಡ್ಡಪ್ಪ ತಿಂಗಳಿಗೊಮ್ಮೆಯಾದರೂ ಕೇಳುತ್ತಾರೆ. ಸೊಂಟನೋವು ಅಂತ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದವರಿಗೆ ಸಿಕ್ಕಿದ್ದು ಮಲ್ಟಿಪಲ್ ಮೈಲೋಮಾ, ಅಂದರೆ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಬೆಂಗಳೂರಿನಲ್ಲಿ ಕೀಮೋ ಆಯ್ತು, ಸ್ಟೆಮ್ ಸೆಲ್ ಕಸಿಯೂ ಆಯ್ತು. ಈಗ ಮೇಂಟೆನೆನ್ಸ್, ಅಂದರೆ ಕಾಯಿಲೆ ಮತ್ತೆ ತಲೆ ಎತ್ತದಂತೆ ಲೆನಾಲಿಡೊಮೈಡ್ ಅನ್ನುವ ಮಾತ್ರೆ.

ಅವರ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಇಲ್ಲದಿದ್ದರೆ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಈ ಕಾಯಿಲೆ ಪೂರ್ತಿ ಹೋಗುವುದು ಅಪರೂಪ, ಅಡಗಿರುತ್ತದೆ. ಕಸಿಯ ನಂತರ ಲೆನಾಲಿಡೊಮೈಡ್ ತಗೊಂಡವರನ್ನೂ ತಗೊಳ್ಳದವರನ್ನೂ ಹೋಲಿಸಿದ ಮೂರು ಅಧ್ಯಯನಗಳ ಒಟ್ಟು ಲೆಕ್ಕ 2017ರಲ್ಲಿ ಬಂತು. ಅದರಲ್ಲಿದ್ದವರು 1,208 ಮಂದಿ. ತಗೊಂಡವರಲ್ಲಿ ಅರ್ಧದಷ್ಟು ಜನ ಸುಮಾರು 53 ತಿಂಗಳು ಕಾಯಿಲೆ ಮರುಕಳಿಸದೆ ಇದ್ದರು. ತಗೊಳ್ಳದವರಲ್ಲಿ ಅದು 23 ತಿಂಗಳ ಆಸುಪಾಸು. ಏಳು ವರ್ಷದ ಹೊತ್ತಿಗೆ ಬದುಕಿದ್ದವರು ಶೇ 62, ಮಾತ್ರೆ ಇಲ್ಲದವರಲ್ಲಿ ಶೇ 50. ಮಾತ್ರೆ ತಗೊಂಡವರಲ್ಲಿ ಬೇರೆ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿತು, ಅದನ್ನೂ ಮುಚ್ಚಿಡಬಾರದು. ಇಷ್ಟು ಹೇಳಿದ ಮೇಲೆ ದೊಡ್ಡಪ್ಪ ಸುಮ್ಮನೆ ಕೈ ಚಾಚಿದರು.

ಎರಡನೆಯದು ಕ್ಯಾಲೆಂಡರ್. ದೊಡ್ಡಪ್ಪನಿಗೆ 21 ದಿನ ಮಾತ್ರೆ, 7 ದಿನ ಬಿಡುವು. ಕೆಲವರಿಗೆ ಬಿಡುವೇ ಇರಲ್ಲ. ದೊಡ್ಡಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಬಿಡುವಿನ ದಿನಗಳಿಗೆ ಕುಂಕುಮದ ಬೊಟ್ಟು ಇಟ್ಟಿದ್ದಾರೆ. ರಾತ್ರಿ ರೊಟ್ಟಿ ಉಂಡ ಮೇಲೆ ಒಂದು ಕ್ಯಾಪ್ಸೂಲ್, ನೀರಿನ ಜೊತೆ ಇಡಿಯಾಗಿ. ಒಡೆಯಬಾರದು, ಅಗಿಯಬಾರದು. ಮರೆತು 12 ಗಂಟೆ ದಾಟಿದರೆ ಆ ದಿನದ್ದು ಬಿಟ್ಟುಬಿಡಿ, ಮರುದಿನ ಎರಡು ನುಂಗಬೇಡಿ. ಇದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ, ಗರ್ಭಿಣಿ ಸೊಸೆ ಕೈಗೆ ಕೊಡಬೇಡಿ.

ಕಸಿಯ ಬಳಿಕ ಹೆಚ್ಚು ಅಪಾಯದ ಬಗೆಯ ಮೈಲೋಮಾ ಇದ್ದವರಿಗೆ ಎರಡು ವಾರಕ್ಕೊಮ್ಮೆ ಬೋರ್ಟೆಜೊಮಿಬ್ ಅನ್ನುವ ಇನ್ನೊಂದು ಮೈಲೋಮಾ ಔಷಧಿಯ ಇಂಜೆಕ್ಷನ್ ಕೊಡುವುದುಂಟು. ಅದರ ಜೊತೆ ಸರ್ಪಸುತ್ತು ಏಳದಂತೆ ಒಂದು ಮಾತ್ರೆ ಬರೆಯುತ್ತಾರೆ, ಅದನ್ನು ತಪ್ಪಿಸಬೇಡಿ.

ರಕ್ತ ಪರೀಕ್ಷೆ ಡಾಕ್ಟರ್ ಹೇಳಿದ ದಿನಕ್ಕೇ ಆಗಲಿ. ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು), ಎಂ-ಪ್ರೊಟೀನ್ (ಮೈಲೋಮಾ ಕಣಗಳು ಬಿಡುವ ಪ್ರೊಟೀನ್), ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಒಂದೇ ಲ್ಯಾಬ್ ಆದರೆ ಹೋಲಿಸಲು ಸುಲಭ. ಕಿಡ್ನಿ ಸೋತಿದ್ದರೆ ಲೆನಾಲಿಡೊಮೈಡ್ ಡೋಸ್ ಇಳಿಸಬೇಕಾಗುತ್ತದೆ.

ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ: 100.4 ಡಿಗ್ರಿ ದಾಟಿದ ಜ್ವರ, ಒಂದೇ ಕಾಲು ಊದುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು. ಲೆನಾಲಿಡೊಮೈಡ್‌ನಿಂದ ರಕ್ತ ಹೆಪ್ಪುಗಟ್ಟುವ ಭಯಕ್ಕೇ ಅನೇಕರಿಗೆ ಆಸ್ಪಿರಿನ್ ಬರೆದಿರುತ್ತಾರೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರ ಬೇಡ, ಕಿಡ್ನಿಗೆ ಪೆಟ್ಟು.

ಲೆನಾಲಿಡೊಮೈಡ್ ತಿಂಗಳುಗಟ್ಟಲೆ ತಗೊಂಡ ಮೇಲೆ ಕೆಲವರಿಗೆ ಭೇದಿ ಶುರುವಾಗುತ್ತದೆ. ಕರುಳು ಪಿತ್ತರಸವನ್ನು ಸರಿಯಾಗಿ ಹೀರಿಕೊಳ್ಳದಿರುವುದು ಒಂದು ಕಾರಣ. ಜಿಡ್ಡು ಕಡಿಮೆ ಮಾಡಿದರೆ ಎಷ್ಟೋ ಜನಕ್ಕೆ ತಹಬದಿಗೆ ಬರುತ್ತದೆ, ಬಗ್ಗದಿದ್ದರೆ ಔಷಧಿಯಿದೆ. ಬೆಣ್ಣೆ ದೋಸೆ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ. ದೊಡ್ಡಪ್ಪ ಈಗ ಖಾಲಿ ದೋಸೆಗೆ ಇಳಿದಿದ್ದಾರೆ, ಮುಖ ಗಂಟಿಕ್ಕಿಕೊಂಡೇ.