ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಐದು ಸೆಟ್‌ಗಳ ಟೆನಿಸ್

2025ರ ಜೂನ್ 8, ಭಾನುವಾರ. ಸಂಜೆ ಆರೂವರೆಯ ಹೊತ್ತಿಗೆ ಶುರುವಾದ ಫ್ರೆಂಚ್ ಓಪನ್ ಫೈನಲ್ ಮುಗಿದಾಗ ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ದಾಟಿತ್ತು. ಒಟ್ಟು 5 ಗಂಟೆ 29 ನಿಮಿಷ. ಲೈನಿನ ಕರೆಂಟು ಮಧ್ಯಾಹ್ನವೇ ಹೋಗಿತ್ತು. ಮನೆಯೊಳಗೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಕೂಡ ಇರುವುದಿಲ್ಲ. ಆದರೂ ಇಟಲಿಯ ಸಿನ್ನರ್ ಕೈಯಲ್ಲಿದ್ದ ಮೂರು ಚಾಂಪಿಯನ್‌ಶಿಪ್ ಪಾಯಿಂಟ್‌ಗಳನ್ನು, ಎಂದರೆ ಒಂದು ಗೆದ್ದರೂ ಪ್ರಶಸ್ತಿಯೇ ಸಿಗುವ ಅವಕಾಶಗಳನ್ನು, ಸ್ಪೇನಿನ ಅಲ್ಕರಾಜ್ ಒಂದೊಂದಾಗಿ ತಪ್ಪಿಸಿದ್ದನ್ನು, ಕೊನೆಯ ಟೈಬ್ರೇಕನ್ನು 10-2ರಲ್ಲಿ ಗೆದ್ದು ಕೆಂಪು ಮಣ್ಣಿನ ಮೇಲೆ ಅಂಗಾತ ಬಿದ್ದದ್ದನ್ನು ನಮ್ಮ ಜಗಲಿಯಲ್ಲೇ ಕುಳಿತು ನೋಡಿದೆ. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.

ಪಕ್ಕದಲ್ಲಿ ಭಾವ ಕುಳಿತಿದ್ದರು. ಹತ್ತು ವರ್ಷಗಳಿಂದ ಒಂದೇ ಮಾತು ಹೇಳುತ್ತಾ ಬಂದವರು: "ಈ ಗುಂಡಿಯಲ್ಲಿ ಕುಳಿತು ಟೆನಿಸ್ ನೋಡುತ್ತೇನೆ ಎನ್ನುವುದನ್ನು ಬಿಡು ಭಾವ. ಹೈಲೈಟ್ಸ್ ನೋಡಿದರೆ ಸಾಲದೇ?" ಸಾಲುವುದಿಲ್ಲ. ಹೈಲೈಟ್ಸ್ ಎಂದರೆ ಕೊಯ್ದು, ಸುಲಿದು, ಒಣಗಿಸಿಟ್ಟ ಅಡಿಕೆ. ನನಗೆ ಬೇಕಾದದ್ದು ಮರದಲ್ಲಿರುವ ಕೊನೆ, ಹಸಿ ಗೊನೆ. ಎರಡು ಪಾಯಿಂಟ್‌ಗಳ ನಡುವಿನ ಆ ಇಪ್ಪತ್ತೈದು ಸೆಕೆಂಡುಗಳ ಮೌನವನ್ನು ಕತ್ತರಿಸಿ ಎಸೆದರೆ ಟೆನಿಸ್‌ನಲ್ಲಿ ಉಳಿಯುವುದು ಬರೀ ಹೊಡೆತ.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕಣಿವೆಯ ಅಡಿಕೆ ತೋಟಗಳು ಹೇಗಿರುತ್ತವೆ ಎಂದು ಓದುವವರಿಗೆ ಗೊತ್ತಿದೆ, ಅದನ್ನು ವಿವರಿಸುವುದಿಲ್ಲ. ನಾನು ಸೋತ ಕಥೆಯನ್ನು ಮೊದಲು ಹೇಳುತ್ತೇನೆ, ಹಣ ಹೋದದ್ದೆಲ್ಲ ಅಲ್ಲೇ.

ಮೊದಲ ಸೋಲು ಡಿಶ್ಶಿನದು. 2008ರ ಜುಲೈ 6ರಂದು ನಡಾಲ್–ಫೆಡರರ್ ವಿಂಬಲ್ಡನ್ ಫೈನಲ್. ಅಲ್ಲೂ ಮಳೆ, ಇಲ್ಲೂ ಮಳೆ. ಅಲ್ಲಿ ಮಳೆ ನಿಂತು ಆಟ ಮತ್ತೆ ಶುರುವಾಗುವಷ್ಟರಲ್ಲಿ ಇಲ್ಲಿ ಮಳೆ ಜೋರಾಗಿ ಡಿಶ್ಶು ಕೈಕೊಟ್ಟಿತು. ಎರಡು ಸೆಟ್ ಸಮಬಲವಾದಲ್ಲಿಗೆ ಪರದೆ ಕಪ್ಪು. ಆಟ ಮುಗಿದದ್ದು ನಮ್ಮ ಸಮಯ ರಾತ್ರಿ ಒಂದೂಮುಕ್ಕಾಲಕ್ಕೆ. ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದ ಪತ್ರಿಕೆಯಲ್ಲಿ ಫಲಿತಾಂಶವೇ ಇರಲಿಲ್ಲ. ಅದರ ಮರುದಿನ ಗೊತ್ತಾಯಿತು, ಐದನೇ ಸೆಟ್ 9-7, ಗೆದ್ದದ್ದು ನಡಾಲ್. ಸಣ್ಣ ಡಿಶ್ಶಿಗೆ ಬರುವ ಅಲೆ ನಮ್ಮ ಆಷಾಢದ ಮಳೆಯನ್ನು ತಡೆಯಲಾರದು. ದೊಡ್ಡ ತಟ್ಟೆ ಹಾಕಿದೆ, ದಿಕ್ಕು ತಿದ್ದಿದೆ, ಮೇಲೆ ಅಡಿಕೆ ಹಾಳೆಯ ಮಾಡು ಕಟ್ಟಿದೆ. ಮಾಡು ಕಟ್ಟಿದ್ದು ಶುದ್ಧ ತಪ್ಪು, ಒದ್ದೆ ಹಾಳೆಯೇ ಅಲೆಯನ್ನು ತಡೆಯಿತು. ಐದಾರು ವರ್ಷಗಳಲ್ಲಿ ಡಿಶ್ಶಿನ ಲೆಕ್ಕಕ್ಕೇ ಸುಮಾರು ಹನ್ನೆರಡು ಸಾವಿರ ಹೋಯಿತು.

ಎರಡನೆಯದು ಕರೆಂಟಿನದು. 2019ರ ಜುಲೈ 14 ನಮ್ಮ ಮನೆಯಲ್ಲಿ ಈಗಲೂ ಮಾತಿಗೆ ಬರುವ ದಿನ. ಒಂದು ಕಡೆ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್, ಇನ್ನೊಂದು ಕಡೆ ಫೆಡರರ್–ಜೊಕೊವಿಚ್. ಟಿವಿ ಒಂದೇ. ಮಕ್ಕಳಿಗೆ ಕ್ರಿಕೆಟ್ ಬೇಕು. ಹತ್ತು ನಿಮಿಷ ಅದು, ಹತ್ತು ನಿಮಿಷ ಇದು ಎಂದು ಒಪ್ಪಂದವಾಯಿತು. ರಾತ್ರಿ ಹನ್ನೊಂದರ ಆಸುಪಾಸು ಐದನೇ ಸೆಟ್‌ನಲ್ಲಿ 8-7, ಫೆಡರರ್ ಸರ್ವ್, ಎರಡು ಮ್ಯಾಚ್ ಪಾಯಿಂಟ್. ಅಷ್ಟು ನೋಡಿದೆವು, ಇನ್‌ವರ್ಟರ್ ಕೂಗಿ ಸತ್ತಿತು. ಬ್ಯಾಟರಿ ನಾಲ್ಕು ವರ್ಷ ಹಳೆಯದು, ಹಗಲಿಡೀ ಕರೆಂಟಿಲ್ಲದೆ ಚಾರ್ಜೇ ಆಗಿರಲಿಲ್ಲ. ಫೆಡರರ್ ಗೆದ್ದರೆಂದೇ ತಿಳಿದು ಸಂತೋಷದಿಂದ ಮಲಗಿದೆ. ಮರುದಿನ ಸಹಕಾರಿ ಸಂಘದ ಕಟ್ಟೆಯ ಮೇಲೆ ಗೆದ್ದದ್ದು ಜೊಕೊವಿಚ್ ಎಂಬ ನಿಜ ತಿಳಿದಾಗ ಆದ ಸಂಕಟವನ್ನು ಬರೆಯಲಾರೆ. ಮಕ್ಕಳಿಗೆ ಸೂಪರ್ ಓವರ್ ಕೂಡ ತಪ್ಪಿತು. ಆ ದಿನವೇ ನಿರ್ಧರಿಸಿದೆ, ಲೈನಿನ ಕರೆಂಟನ್ನು ನಂಬಿ ಟೆನಿಸ್ ನೋಡುವುದಿಲ್ಲ.

ಹಳ್ಳ ಮನೆಯ ಹಿಂದೆಯೇ ಇದೆ. ವಿಂಬಲ್ಡನ್ ಬರುವುದು ಹಳ್ಳ ತುಂಬಿ ಹರಿಯುವ ಹೊತ್ತಿಗೇ. ಮಲೆನಾಡಿನಲ್ಲಿ ಕಿರು ಜಲವಿದ್ಯುತ್ ಹೊಸತಲ್ಲ, ಆದರೆ ನಮ್ಮ ಹಳ್ಳದ ಇಳಿಜಾರು ಸಾಲದು ಎಂದು ನೋಡಲು ಬಂದವರೆಲ್ಲ ತಲೆ ಅಲ್ಲಾಡಿಸಿದ್ದರು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ಅಳೆದೆ: ಸುಮಾರು ಅರವತ್ತು ಅಡಿ ಇಳಿತ ಸಿಕ್ಕಿತು. ಖರ್ಚು ಉಳಿಸಲು ಮನೆಯಲ್ಲಿದ್ದ ಎರಡಿಂಚಿನ ಪೈಪನ್ನೇ ಹಾಕಿದೆ. ಇನ್ನೂರು ವ್ಯಾಟ್ ದಾಟಲಿಲ್ಲ, ನೀರಿನ ಬಲವೆಲ್ಲ ಪೈಪಿನ ಘರ್ಷಣೆಯಲ್ಲೇ ಹೋಯಿತು. ಮರುವರ್ಷ ನಾಲ್ಕಿಂಚಿನ ಹದಿನಾಲ್ಕು ಪೈಪು ತಂದೆ, ಹದಿನೇಳು ಸಾವಿರದಷ್ಟಾಯಿತು. ಈಗ ಸೆಕೆಂಡಿಗೆ ಏಳೆಂಟು ಲೀಟರ್ ನೀರು ಬಂದರೆ ಆರುನೂರೈವತ್ತು, ಏಳುನೂರು ವ್ಯಾಟ್ ನಿಲ್ಲುತ್ತದೆ. ಟಿವಿಗೆ ಎಂಬತ್ತು ವ್ಯಾಟ್ ಸಾಕು. ಉಳಿದದ್ದು ನಿಯಂತ್ರಕದ ಮೂಲಕ ಬಚ್ಚಲಿನ ನೀರು ಕಾಯಿಸುತ್ತದೆ. ಪಂದ್ಯ ಐದು ಸೆಟ್ ನಡೆದರೆ ಮನೆಮಂದಿಗೆಲ್ಲ ಬಿಸಿನೀರು. ಟರ್ಬೈನು, ನಿಯಂತ್ರಕ ಸೇರಿ ನನ್ನ ಕೈಯಿಂದ ಹೋದದ್ದು ನಲವತ್ತೈದು ಸಾವಿರದಷ್ಟು ಎಂದು ನೆನಪು.

ಒಂದೇ ಕಾಟ ಎಂದರೆ ಎಲೆ. ಜಾಲರಿಗೆ ಎಲೆ ಕಟ್ಟಿತೆಂದರೆ ಹತ್ತೇ ನಿಮಿಷದಲ್ಲಿ ದೀಪ ಮಂಕು. ಮೊದಲ ವರ್ಷ ಪ್ರತಿ ಸೆಟ್ ಮುಗಿದಾಗ ಕಂಬಳಿ ಕೊಪ್ಪೆ ಹಾಕಿಕೊಂಡು, ಉಂಬಳ (ಜಿಗಣೆ) ಹತ್ತಿಸಿಕೊಂಡು ಜಾಲರಿ ಬಿಡಿಸಿ ಬರುತ್ತಿದ್ದೆ. ಈಗ ವಾರಕ್ಕೊಮ್ಮೆ ಹೋದರೆ ಸಾಕು. ಹೇಗೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕರೆಂಟಾಯಿತು, ಇನ್ನು ಸಿಗ್ನಲ್. ಕಂಬದ ಮೇಲೆ ಬರುವ ಇಂಟರ್ನೆಟ್ ನಮ್ಮ ಊರಿಗೆ ಬಂದಿದೆ, ಆದರೆ ಮಳೆಗಾಲದಲ್ಲಿ ಮರ ಬಿದ್ದು ಕಡಿದುಹೋದರೆ ಸರಿಯಾಗಲು ಹದಿನೈದು ದಿನ. ಎಂದರೆ ಒಂದು ವಿಂಬಲ್ಡನ್ ಪೂರ್ತಿ. ಹಾಗಾಗಿ ಸೊಪ್ಪಿನ ಬೆಟ್ಟ ಹತ್ತಿದೆ. ಮನೆಯಲ್ಲಿ ಮೊಬೈಲು ತೋರಿಸುವ ಬಲ ಮೈನಸ್ 118, ನೆತ್ತಿಯ ಬಂಡೆಯ ಅಂಚಿನಲ್ಲಿ ಮೈನಸ್ 95ರ ಹತ್ತಿರ; ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು. ಅಲ್ಲಿ ಆಂಟೆನಾ ಕಟ್ಟಿ, ಅದರ ಕೇಬಲ್ಲನ್ನು ನೂರಡಿ ಕೆಳಗಿನ ಹಳೆಯ ಸೋಗೆ ಗುಡಿಸಲಿಗೆ ಎಳೆದು, ರೂಟರನ್ನು ಅಲ್ಲಿಟ್ಟೆ. ಮೇಲೆ ಸಿಕ್ಕಿದ್ದೆಲ್ಲ ಕೇಬಲಿನಲ್ಲೇ ಕರಗಿತು. ರೂಟರು ಆಂಟೆನಾದ ಬುಡದಲ್ಲೇ ಇರಬೇಕು. ಈ ಪಾಠಕ್ಕೆ ಮೂರು ಸಾವಿರ.

ಮೇಲಿಂದ ಮನೆಗೆ ತಾಮ್ರದ ತಂತಿ ಎಳೆದದ್ದು ನಾನು ಮಾಡಿದ ಅತ್ಯಂತ ದುಬಾರಿ ತಪ್ಪು. ಏಪ್ರಿಲ್‌ನ ಗುಡುಗುಮಳೆ ಎರಡು ವರ್ಷ ಸತತವಾಗಿ ಬೆಟ್ಟದ ರೂಟರನ್ನೂ ಮನೆಯ ಟಿವಿಯನ್ನೂ ಒಟ್ಟಿಗೆ ಸುಟ್ಟಿತು. ಎರಡನೇ ಸಲ ಸಿಡಿಲು ಬಡಿದಾಗ ಟಿವಿಯ ಹಿಂದಿನ ಗೋಡೆಯ ಮೇಲೆ ಅಂಗೈ ಅಗಲದ ಕಪ್ಪು ಕಲೆ ಉಳಿಯಿತು. ಆಯಿ ಅದನ್ನು ನೋಡಿ, "ಆಟ ನೋಡಲು ಹೋಗಿ ಮನೆ ಸುಡಬೇಡ ತಮ್ಮಾ" ಎಂದಳು. ಒಟ್ಟು ನಷ್ಟ ಮೂವತ್ತು ಸಾವಿರಕ್ಕೆ ಕಡಿಮೆಯಿಲ್ಲ.

ಆಮೇಲೆ ಹೊಳೆದದ್ದು ಗಾಜಿನ ಎಳೆ. ಪೇಟೆಯಲ್ಲಿ ಮನೆಮನೆಗೆ ಎಳೆಯುವ ಅದೇ ಆಪ್ಟಿಕಲ್ ಫೈಬರ್ ಕೇಬಲ್, ಮೀಟರಿಗೆ ಏಳೆಂಟು ರೂಪಾಯಿ. ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಕೊಳ್ಳುವಾಗ ಎಚ್ಚರ: ಗಟ್ಟಿತನಕ್ಕೆಂದು ಒಳಗೆ ಉಕ್ಕಿನ ಎಳೆ ಸೇರಿಸಿರುವ ಕೇಬಲೇ ಹೆಚ್ಚು ಸಿಗುತ್ತದೆ, ಅದು ಬೇಡ. ಉಕ್ಕಿಲ್ಲದ್ದನ್ನು ಕೇಳಿ ತರಿಸಬೇಕು. ಮುನ್ನೂರೈವತ್ತು ಮೀಟರ್ ಎಳೆದೆ. ಎರಡು ತುದಿಗೆ ಬೆಳಕನ್ನು ಸಂಕೇತವಾಗಿ ಬದಲಿಸುವ ಡಬ್ಬಿಗಳಿಗೆ ಎರಡು ಸಾವಿರ. ತುದಿ ಕೂರಿಸಿಕೊಟ್ಟ ಕೇಬಲ್ ಹುಡುಗನಿಗೆ ಐನೂರು ಮತ್ತು ಊಟ. ಇದು ನಡೆಯುವುದಿಲ್ಲ ಎಂದವನು ಆತನೇ. ಆ ಮೇಲೆ ಎರಡು ಏಪ್ರಿಲ್ ಕಳೆದಿವೆ, ಒಂದು ಡಬ್ಬಿಯೂ ಸುಟ್ಟಿಲ್ಲ. ಮಂಗಗಳು ಕೇಬಲ್ ಎಳೆಯದಂತೆ ಮಾಡಿದ ಉಪಾಯ ನನ್ನಲ್ಲೇ ಇರಲಿ.

ಬೆಟ್ಟದ ಮೇಲಿನ ರೂಟರಿಗೆ ವಿದ್ಯುತ್ ಹೇಗೆ? ಸೌರ ಫಲಕ ಎಂದು ಹೇಳುವುದು ಸುಲಭ, ಜುಲೈಯಲ್ಲಿ ವಾರಗಟ್ಟಲೆ ಸೂರ್ಯನೇ ಇರುವುದಿಲ್ಲ. ಮೊದಲು ಹಳೆಯ ಬೈಕಿನ ಬ್ಯಾಟರಿಗಳನ್ನು ಹೊತ್ತು ಹತ್ತುತ್ತಿದ್ದೆ. ಈಗ ನೂರು ವ್ಯಾಟಿನ ಫಲಕ, ಮೂರೂವರೆ ಕಿಲೋ ತೂಗುವ 30 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ, ಮತ್ತು ನಾನೂರು ರೂಪಾಯಿಯ ಗಡಿಯಾರದ ಸ್ವಿಚ್ಚು. ಇಡೀ ವ್ಯವಸ್ಥೆಯ ಗುಟ್ಟು ಆ ಸ್ವಿಚ್ಚಿನಲ್ಲಿದೆ. ಹತ್ತು ವ್ಯಾಟ್ ತಿನ್ನುವ ರೂಟರು ದಿನವಿಡೀ ಉರಿದರೆ ಒಂದೂವರೆ ದಿನಕ್ಕೆ ಬ್ಯಾಟರಿ ಖಾಲಿ. ವಿಂಬಲ್ಡನ್ ಹೊರ ಅಂಕಣಗಳಲ್ಲಿ ಶುರುವಾಗುವುದು ನಮ್ಮ ಮೂರೂವರೆಗೆ; ಅಲ್ಲಿಂದ ಮಧ್ಯರಾತ್ರಿಯವರೆಗೆ ಮಾತ್ರ ಉರಿಸಿದರೆ ಮೋಡದ ದಿನಗಳ ಅಲ್ಪಸ್ವಲ್ಪ ಬೆಳಕೂ ಸೇರಿ ವಾರ ದಾಟುತ್ತದೆ.

ಈ ಹೊತ್ತಿನ ಲೆಕ್ಕ ತೋಟದ ಕೆಲಸಕ್ಕೆ ಹೊಂದಿದ್ದು ನನ್ನ ಭಾಗ್ಯ. ಜುಲೈಯಲ್ಲಿ ಮಳೆ ಬಿಟ್ಟು ಒಂದು ಹೊಳವು ಸಿಕ್ಕರೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು, ಆಗ ಟೆನಿಸ್ ಇಲ್ಲ, ಏನೂ ಇಲ್ಲ. ಆದರೆ ಮೂರು ಗಂಟೆಗೆ ಕೊನೆಗೌಡ ಮರ ಇಳಿದ ಮೇಲೆ ಸಂಜೆಯೆಲ್ಲ ನನ್ನದು. ಜನವರಿಯ ಆಸ್ಟ್ರೇಲಿಯನ್ ಓಪನ್ ಇನ್ನೂ ಚೆನ್ನ: ಬೆಳಗಿನ ಐದೂವರೆಗೆ ಆಟ ಶುರು, ಅಡಿಕೆ ಸುಲಿಯುವವರು ಬರುವ ಹೊತ್ತೂ ಹೆಚ್ಚುಕಡಿಮೆ ಅದೇ. ಒಂದು ಪ್ರಯೋಗವಾಗಿ ಸುಲಿಯುವ ಚಪ್ಪರದ ಕಂಬಕ್ಕೆ ಟಿವಿ ತೂಗುಹಾಕಿದೆ. ಕೆಲಸ ಕೆಡುತ್ತದೆ ಎಂದು ಅಪ್ಪಯ್ಯ ಒಪ್ಪಲಿಲ್ಲ. ನೋಡಿದರೆ, ಮೆಟ್ಟುಗತ್ತಿಯ ಮುಂದೆ ಕುಳಿತವರ ಕೈ ನಿಲ್ಲಲೇ ಇಲ್ಲ. ಪಾಯಿಂಟ್ ನಡೆಯುವಾಗ ಕಣ್ಣು ಮೇಲೆ, ಮುಗಿದಾಗ ಕೆಳಗೆ. ಅವರಲ್ಲಿ ಹಿರಿಯಾಕೆ ಜೊಕೊವಿಚ್ ಸರ್ವ್‌ಗೆ ಮುನ್ನ ಚೆಂಡನ್ನು ನೆಲಕ್ಕೆ ತಟ್ಟುವುದನ್ನು ಎಣಿಸತೊಡಗಿದಳು. ಒಂದು ತಟ್ಟಿಗೆ ಒಂದು ಸಿಪ್ಪೆ. "ಹೆದರಿದ್ದಾನೆ, ಇವತ್ತು ಹದಿನಾರು ಸಲ ತಟ್ಟಿದ" ಎಂದಳು ಒಮ್ಮೆ. ಆ ಗೇಮನ್ನು ಆತ ಸೋತರು. ಯಾವ ವೀಕ್ಷಕ ವಿವರಣೆಗಾರನೂ ನನಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

2024ರ ಜನವರಿ 27ರ ಸಂಜೆಯನ್ನಂತೂ ಆ ಚಪ್ಪರ ಮರೆಯದು. ರೋಹನ್ ಬೋಪಣ್ಣ, ಕೊಡಗಿನ ಕಾಫಿ ಬೆಳೆಗಾರರ ಮನೆಯ ಮಗ, 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್ ಗೆದ್ದರು, 7-6, 7-5. ಮೊದಲ ಸೆಟ್‌ನ ಟೈಬ್ರೇಕಿನಲ್ಲಿ ಎದುರಾಳಿಗೆ ಒಂದು ಅಂಕವೂ ಇಲ್ಲ. 2014ರಲ್ಲಿ ಕಬ್ಬನ್ ಪಾರ್ಕಿನ ಅಂಕಣದಲ್ಲಿ ಸರ್ಬಿಯಾ ವಿರುದ್ಧದ ಡೇವಿಸ್ ಕಪ್‌ನಲ್ಲಿ ಬೋಪಣ್ಣ–ಪೇಸ್ ಎರಡು ಸೆಟ್ ಹಿಂದೆ ಬಿದ್ದು ಗೆದ್ದದ್ದನ್ನು ರಾತ್ರಿ ಬಸ್ಸಿನಲ್ಲಿ ಹೋಗಿ ಕಣ್ಣಾರೆ ನೋಡಿದ್ದೆ. ಆ ಸರ್ವ್‌ನ ಸದ್ದು ನನಗೆ ಗೊತ್ತು. ಅದು ಒಂಬತ್ತು ವರ್ಷಗಳ ಮೇಲೆ ಹಸಿ ಸಿಪ್ಪೆಯ ವಾಸನೆಯ ನಡುವೆ ಮತ್ತೆ ಕೇಳಿತು.

ಇನ್ನು ಸಣ್ಣ ಮಾತುಗಳು. ಚಿತ್ರದ ಗುಣಮಟ್ಟವನ್ನು ಮಧ್ಯಮಕ್ಕೆ ಇಳಿಸಿಟ್ಟುಕೊಳ್ಳಿ. ಗಂಟೆಗೆ ಮುಕ್ಕಾಲು ಜಿಬಿ ಸಾಕು, ಚೆಂಡು ಕಾಣುತ್ತದೆ. ಎರಡು ಸಿಮ್ ಇರಲಿ. ನೇರಪ್ರಸಾರ ಅರ್ಧ ನಿಮಿಷ ಹಿಂದಿರುತ್ತದೆ, ಪೇಟೆಯ ನೆಂಟರ ಸಂದೇಶಗಳನ್ನು ಮುಚ್ಚಿಡಿ. ಇಂದು ಯಾರಾದರೂ ಹೊಸದಾಗಿ ಮಾಡಿದರೆ, ಹಳ್ಳದ ಕರೆಂಟು ಬಿಟ್ಟು ಬೆಟ್ಟದ ಖರ್ಚು ಇಪ್ಪತ್ತೈದು ಸಾವಿರದೊಳಗೆ ಮುಗಿಯಬೇಕು. ನನಗೆ ಅದರ ಎರಡರಷ್ಟು ಆಗಿದೆ.

ಅಂದು ರಾತ್ರಿ ಅಲ್ಕರಾಜ್ ಬಟ್ಟಲು ಎತ್ತಿದ ಮೇಲೂ ಭಾವ ಏಳಲಿಲ್ಲ. ಬೆಳಿಗ್ಗೆ ಆಸರಿ (ಚಹಾ-ತಿಂಡಿ) ಆದ ಮೇಲೆ ಬೆಟ್ಟ ಹತ್ತಿ, ಕೇಬಲ್ ಹಾದಿಯನ್ನು ಹೆಜ್ಜೆ ಹಾಕಿ ಅಳೆದು ಬಂದರು. ಅವರ ಕಣಿವೆಗೆ ನಾನೂರೈವತ್ತು ಮೀಟರ್ ಬೇಕಾಗಬಹುದು.

ನನಗೆ ಉಳಿದಿರುವುದು ಯುಎಸ್ ಓಪನ್. ಹಗಲಿನ ಪಂದ್ಯ ನಮ್ಮ ರಾತ್ರಿ ಎಂಟೂವರೆಯ ನಂತರ, ರಾತ್ರಿಯ ಪಂದ್ಯ ಬೆಳಗಿನ ನಾಲ್ಕೂವರೆಗೆ. ಒಂದೇ ಬ್ಯಾಟರಿ ಎರಡೂ ಹೊತ್ತು ತಾಳುವುದಿಲ್ಲ. ಗಡಿಯಾರದ ಸ್ವಿಚ್ಚಿಗೆ ನಾಲ್ಕೂಕಾಲಿನ ಎರಡನೇ ಹೊತ್ತು ಸೇರಿಸಿ, ಇನ್ನೊಂದು ಬ್ಯಾಟರಿಗೆ ಹೇಳಿಟ್ಟಿದ್ದೇನೆ.